ಎರಡು ಉಂಗುರ, ಒಂದು ಮಸುಕು

ಮಲಪ್ರಭೆಯ ದಂಡೆಯ ಆ ಆಶ್ರಮದಲ್ಲಿ ಜಪಕ್ಕಿಂತ ತಂತಿಗಳ ಗುಂಯ್‌ಗುಡುವಿಕೆಯೇ ಹೆಚ್ಚು. ಗುರು ಸಿದ್ದವ್ವ ಅಲೆಗಳ ವಿದ್ಯೆ ಕಲಿಸುತ್ತಿದ್ದಳು. ಶಿಷ್ಯ ಫಕೀರಪ್ಪ ಅಲ್ಲಿ ಒಂದು ಹಟ ಹಿಡಿದು ಕುಳಿತಿದ್ದ.

ಅಕ್ಕಪಕ್ಕದಲ್ಲಿಟ್ಟ ಎರಡು ಪುಟ್ಟ ತಂತಿಯುಂಗುರ. ಅವುಗಳಿಂದ ಹೊರಡುವ ಅಯಸ್ಕಾಂತದ ಅಲೆ ಒಂದೊಂದೂ ಮನೆಯಷ್ಟು ಉದ್ದ. ಅಷ್ಟುದ್ದದ ಅಲೆಗೆ ಬೆರಳಷ್ಟು ಅಂತರ ಯಾವ ಲೆಕ್ಕ? ಎರಡೂ ಸೇರಿ ಒಂದೇ ಮಸುಕಾಗಿ ಕಾಣುತ್ತವೆ ಎಂಬುದು ಹಿರಿಯರ ಮಾತು. ಎರಡನ್ನು ಎರಡಾಗಿಯೇ ತೋರಿಸುತ್ತೇನೆ ಎಂಬುದು ಇವನ ಹಟ.

ಅದಕ್ಕೆಂದೇ ತಾಮ್ರದ ತೆಳು ಹಾಳೆಯನ್ನು ಬೀಡಿಯಂತೆ ಸುತ್ತಿ, ನೂರಾರು ಸುರುಳಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಒಂದು ಹಲಗೆ ಮಾಡಿದ್ದ. ತಾಮ್ರಕ್ಕೂ ಅಯಸ್ಕಾಂತಕ್ಕೂ ಹುಟ್ಟಿನಿಂದ ಮಾತುಕತೆಯಿಲ್ಲ. ಹೀಗೆ ಸುತ್ತಿದರೆ ಮಾತ್ರ ಸಂಬಂಧ ಕುದುರುತ್ತದೆ; ಆಗ ಒಂದೊಂದು ಸುರುಳಿಯೂ ತನ್ನೆದುರಿನ ಅಲೆಯನ್ನಷ್ಟೇ ಹಲಗೆಯ ಈ ಮೈಯಿಂದ ಆಚೆ ಮೈಗೆ ದಾಟಿಸುತ್ತದೆ.

ಇವತ್ತೂ ಹಲಗೆಯ ಆಚೆ ಅಲೆ ಹಿಡಿಯುವ ತಂತಿ ಪರದೆಯ ಮೇಲೆ ತೋರಿಸಿದ್ದು ಒಂದೇ ಮಸುಕು. ಫಕೀರಪ್ಪ ಎದ್ದು ಚೀಲಕ್ಕೆ ಬಟ್ಟೆ ತುರುಕತೊಡಗಿದ.

"ಎಲ್ಲಿಗೆ ಹೊಂಟಿ?" ಸಿದ್ದವ್ವ ಕೇಳಿದಳು.

"ಅಣ್ಣನ ಹಿಟ್ಟಿನ ಗಿರಣಿಗೆ. ಹಿರೇರು ಹೇಳಿದ್ದ ಖರೇ ಐತ್ರಿ ಅವ್ವಾರ. ಈ ವಿದ್ಯಾ ನನ್ನ ಹಣ್ಯಾಗ ಬರದಿಲ್ಲ."

ಅವಳು ಮೇಜಿನ ಕಡೆ ನೋಡಿದಳು. ಉಂಗುರಗಳಿಂದ ಒಂದು ಮೊಳ ದೂರದಲ್ಲಿ ತಾಮ್ರದ ಹಲಗೆ.

"ಇಷ್ಟು ದೂರ ಯಾಕ ಇಟ್ಟೀಯೋ?"

"ನಂದು ಒರಟು ಕೆಲಸ. ಹತ್ರ ಇಟ್ರ ಉಂಗುರದ ಅಲೆ ಕೆಟ್ಟೀತು ಅಂತ..."

"ತಾಮ್ರಕ್ಕೂ ಮಡಿ ಉಡಿಸೀಯೇನು, ಶಾಣ್ಯಾ!"

ಅಷ್ಟಂದು ಹೊರಗೆ ಹೋಗಿ, ನದಿಯ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕುಳಿತು, ಏನೋ ಹೇಳಿದಳು.

ಹೊಸ್ತಿಲಲ್ಲಿದ್ದ ಫಕೀರಪ್ಪನಿಗೆ ದನಿ ಕೇಳಿತು, ಮಾತು ತಿಳಿಯಲಿಲ್ಲ. "ಏನಂದ್ರಿ?"

ಮತ್ತೆ ಅದೇ ಗೊಣಗು. ಮೆಟ್ಟಿಲು ಇಳಿದ. ಇನ್ನೂ ಗೊಣಗೇ. ಕೊನೆಗೆ ಬಾಗಿ ಅವಳ ತುಟಿಯ ಹತ್ತಿರ ಕಿವಿ ತಂದ.

"ಅಂಗಿ ಉಲ್ಟಾ ಹಾಕ್ಕೊಂಡೀಯೋ," ಅಂದಳು ಸಿದ್ದವ್ವ.

ಫಕೀರಪ್ಪ ತನ್ನ ಅಂಗಿ ನೋಡಿಕೊಳ್ಳಲಿಲ್ಲ.

"ದನಿ ದೂರ ಬರತೈತಿ. ಅದರೊಳಗಿನ ಸಣ್ಣದೆಲ್ಲಾ ಬಾಯಿ ಹತ್ರನ ಸಾಯತೈತಿ. ಉಂಗುರದ ಅಲೆನೂ ಹಂಗ," ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಓಡಿದ.

ಹಲಗೆಯನ್ನು ಉಂಗುರಗಳಿಗೆ ಆನಿಸಿಟ್ಟ. ಹಲಗೆಯ ಆಚೆ ಮೈಗೆ ತಾಗುವಂತೆ, ಅಲೆ ಹಿಡಿಯುವ ತಂತಿಯನ್ನು ಮೆಲ್ಲಗೆ ಸರಿಸುತ್ತ ಹೋದ. ಪರದೆಯ ಮೇಲೆ ಒಂದು ಚುಕ್ಕೆ ಎದ್ದಿತು. ಆಮೇಲೆ ಕತ್ತಲು. ಆಮೇಲೆ ಇನ್ನೊಂದು ಚುಕ್ಕೆ.

"ಎರಡು! ಅವ್ವಾ, ಎರಡು!"

ಹುಮ್ಮಸ್ಸು ಯಾರನ್ನು ಸುಮ್ಮನಿರಿಸುತ್ತದೆ? ಉಂಗುರಗಳನ್ನು ಒಂದಕ್ಕೊಂದು ಇನ್ನೂ ಹತ್ತಿರ ತಂದು ನೋಡಿದ. ಚುಕ್ಕೆಗಳು ಮತ್ತೆ ಕಲೆತುಹೋದವು. ಅವನ ಮುಖ ಇಳಿಯಿತು.

"ಅವ್ವಾರ, ನನ್ನ ಒಂದು ಸುರುಳಿ ಎಷ್ಟು ದಪ್ಪ ಐತೋ, ಅದಕ್ಕಿಂತ ಸಣ್ಣದು ಕಾಣವಲ್ದ್ರಿ."

ಸಿದ್ದವ್ವ ಅವನ ಚೀಲದಿಂದ ಬಟ್ಟೆಗಳನ್ನು ನೆಲಕ್ಕೆ ಸುರಿದು, ಹೊಸ ತಾಮ್ರದ ಹಾಳೆಯೊಂದನ್ನು ಅವನ ಕೈಗಿಟ್ಟಳು.

"ಇಷ್ಟು ದಿನ ಅಲೆ ಅಡ್ಡ ಇತ್ತು. ಈಗ ಅಡ್ಡ ಇರೂದು ನಿನ್ನ ಬೆರಳಿನ ಒರಟುತನ ಅಷ್ಟ. ಸಣ್ಣಗ ಸುತ್ತು."