ಮೆಣಸಿನಕಾಯಿ ಪೇಟೆಯ ಮಕ್ಕಳ ಮನೆ

“ಗುರುಗಳೇ, ಮರೆತುಬಿಡುವವರಿಗೆ ಕಲಿಸಿ ಏನು ಫಲ?”

ಕೇಳಿದವನು ಮಠದ ಶಿಶುವಿಹಾರ ನೋಡಿಕೊಳ್ಳುತ್ತಿದ್ದ ಶಿಷ್ಯ. ಐದು ವರ್ಷ ತುಂಬದ ಮಕ್ಕಳು ಅವನ ಬಳಿ ಇರುತ್ತಿದ್ದರು. ತುಂಬಿದ ಮೇಲೆ ಶಾಲೆಗೆ ಹೋಗುತ್ತಿದ್ದರು. ಹಿಂದಿನ ದಿನ ಸಂತೆಯಲ್ಲಿ ಒಬ್ಬ ಯುವಕ ಎದುರಾಗಿದ್ದ. ಒಂದು ಕಾಲಕ್ಕೆ ಈ ಶಿಷ್ಯನ ತೊಡೆಯ ಮೇಲೆ ಆಡಿದವನು. ಅವನು ಗುರುತು ಹಿಡಿಯದೆ, “ತಾವು ಯಾವ ಊರಿನವರು?” ಎಂದು ಕೇಳಿದ್ದ.

“ನನ್ನನ್ನು ದೊಡ್ಡ ಮಕ್ಕಳ ಶಾಲೆಗೆ ಹಾಕಿ. ಅವರಿಗಾದರೂ ನೆನಪಿರುತ್ತದೆ” ಎಂದು ಶಿಷ್ಯ ಬೇಡಿಕೊಂಡ.

ಗುರುಗಳು ಹೇಳಿದರು:

ಮೆಣಸಿನಕಾಯಿ ವ್ಯಾಪಾರದ ಒಂದು ಪೇಟೆ ಇತ್ತು. ಅಲ್ಲಿನ ಅಂಗಳಗಳಲ್ಲಿ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಘಾಟು ತಡೆಯಲು ಬಾಯಿಗೆ ಸೆರಗು ಕಟ್ಟಿಕೊಂಡಿರುತ್ತಿದ್ದರು. ಮನೆಯಲ್ಲಿ ಬಿಡಲಾಗದ ಕೂಸುಗಳು ರಾಶಿಯ ಪಕ್ಕದಲ್ಲೇ ಕೂತು ಕೆಮ್ಮುತ್ತಿದ್ದವು. ಖಾರದ ಕೈಯಿಂದ ಕಣ್ಣು ಉಜ್ಜಿಕೊಂಡು ಅಳುತ್ತಿದ್ದವು.

ಒಂದು ಅಂಗಳದ ಎದುರು ಸಾವಂತ್ರವ್ವ ಎಂಬ ದರ್ಜಿ ಹೆಂಗಸಿನ ಅಂಗಡಿ ಇತ್ತು. ಕುಬುಸ ಹೊಲಿಯುತ್ತಿದ್ದಳು, ಉಳಿದ ಚೂರುಗಳಿಂದ ಕೌದಿ ಹೊಲಿಯುತ್ತಿದ್ದಳು. ಒಂದು ದಿನ ಮೂರು ವರ್ಷದ ಒಂದು ಹೆಣ್ಣುಮಗು ಕಣ್ಣುರಿಗೆ ನೆಲದ ಮೇಲೆ ಹೊರಳಾಡುವುದನ್ನು ಕಂಡಳು. ತಾಯಿ ರಾಶಿ ಬಿಟ್ಟು ಏಳುವಂತಿರಲಿಲ್ಲ. ಸಾವಂತ್ರವ್ವ ಹೋಗಿ ಮಗುವನ್ನು ಎತ್ತಿಕೊಂಡು ಬಂದಳು. ಕಣ್ಣು ತೊಳೆದು, ಬಟ್ಟೆಯ ಚೂರುಗಳ ಮೇಲೆ ಕೂರಿಸಿದಳು. ಮಗುವಿನ ಹೆಸರು ಫಕೀರವ್ವ. ಮರುದಿನ ತಾಯಿ ಏನೂ ಕೇಳದೆ ಮಗುವನ್ನು ಅಂಗಡಿಯ ಬಾಗಿಲಲ್ಲಿ ಬಿಟ್ಟು ಕೆಲಸಕ್ಕೆ ಹೋದಳು. ಕೆಲವೇ ದಿನಗಳಲ್ಲಿ ಬೇರೆ ತಾಯಂದಿರೂ ಹಾಗೆಯೇ ಮಾಡಿದರು.

ಅಂಗಡಿಯಲ್ಲಿ ಜಾಗ ಸಾಲಲಿಲ್ಲ. ಅವಳು ಅಂಗಳದ ವರ್ತಕನ ಬಳಿ ಖಾಲಿ ಬಿದ್ದಿದ್ದ ಗೋದಾಮು ಕೇಳಿದಳು. ಮಕ್ಕಳು ಅಳದಿದ್ದರೆ ತಾಯಂದಿರ ಕೈ ನಿಲ್ಲುವುದಿಲ್ಲ ಎಂದು ವರ್ತಕ ಯೋಚಿಸಿದ. “ಇರ್ಲಿ, ತಗೋ” ಎಂದ. ಅವಳು ಹೊಲಿಗೆಯನ್ನೂ ಅಲ್ಲಿಗೇ ತಂದಳು; ಗೋದಾಮು ಮಕ್ಕಳ ಮನೆಯಾಯಿತು.

ಫಕೀರವ್ವನಿಗೆ ಮಾತು ಬರುತ್ತಿರಲಿಲ್ಲ. ಕಿವಿ ಚೆನ್ನಾಗಿತ್ತು; ತಟ್ಟೆ ಬಿದ್ದರೆ ತಿರುಗಿ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಅವಳು ಹಗಲೆಲ್ಲ ನೋಡಿದ್ದು ಬಟ್ಟೆ ಕಟ್ಟಿದ ಬಾಯಿಗಳನ್ನು. ಅವಳ ಜೊತೆ ಮಾತಾಡಿದವರೇ ಕಡಿಮೆ. ಸಾವಂತ್ರವ್ವ ಹೊಲಿಯುತ್ತಲೇ ಅವಳ ಜೊತೆ ಮಾತಿಗೆ ತೊಡಗಿದಳು. “ಇದು ಕೆಂಪು ಬಟ್ಟಿ. ಇದು ನಿಮ್ಮವ್ವನ ಸೀರಿ ಚೂರು. ನೋಡು, ಈಗ ಸೂಜಿಗೆ ದಾರ ಹಾಕ್ತೀನಿ.” ಬಟ್ಟೆ ಕೊಡಲು ಬಂದವರು ನಗುತ್ತಿದ್ದರು. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ಒಂದು ಮಧ್ಯಾಹ್ನ ಬೆಲ್ಲ ಹಂಚುವಾಗ ಫಕೀರವ್ವ ಕೈ ಚಾಚಿ, “ಇನ್ನೊಂದು” ಎಂದಳು. ಸಾವಂತ್ರವ್ವನ ಕಣ್ಣಲ್ಲಿ ನೀರು ಬಂತು. ಆ ದಿನ ಮನೆಯ ಬೆಲ್ಲವೆಲ್ಲ ಮುಗಿಯಿತು.

ಅಲ್ಲಿಯವರೆಗೆ ಅವಳು ಅಳು ನಿಲ್ಲಿಸುವುದೇ ತನ್ನ ಕೆಲಸ ಎಂದುಕೊಂಡಿದ್ದಳು. ಮಾತಾಡಿಸುವುದು ತನ್ನ ಕೆಲಸ ಎಂದು ಈಗ ತಿಳಿಯಿತು. ಅಂಗಳದಿಂದ ಕೆಲವು ತಾಯಂದಿರನ್ನು ಕರೆದು, ಮಕ್ಕಳ ಜೊತೆ ಆಡುವುದನ್ನೂ ಮಾತಾಡುವುದನ್ನೂ ಕಲಿಸಿದಳು. ಕೌದಿಯ ಕೆಲಸವನ್ನು ಹೆಚ್ಚಿಸಿ, ಅದರ ಗಳಿಕೆಯಿಂದ ಅವರಿಗೆ ಸಂಬಳ ಕೊಟ್ಟಳು. ಸುತ್ತಲಿನ ಪೇಟೆಗಳ ವರ್ತಕರು ತಮ್ಮಲ್ಲೂ ಇಂಥದೊಂದು ಮನೆ ಬೇಕೆಂದು ಬಂದರು. ಊರಿಂದ ಊರಿಗೆ ಮಕ್ಕಳ ಮನೆಗಳು ಹಬ್ಬಿದವು.

ಅವುಗಳಲ್ಲಿ ಒಂದಕ್ಕೆ ಅವಳು ಬಹಳ ದಿನ ಹೋಗಿರಲಿಲ್ಲ. ಹೋದಾಗ ಮಕ್ಕಳು ಸಾಲಾಗಿ ಕೈ ಕಟ್ಟಿ ಕೂತಿದ್ದವು. ಸದ್ದಿರಲಿಲ್ಲ. ನೋಡಿಕೊಳ್ಳುವವಳ ಪಕ್ಕದಲ್ಲಿ ಒಂದು ಕೋಲಿತ್ತು. ಆ ಊರಿನ ವರ್ತಕ ಈ ಶಿಸ್ತನ್ನು ಹೆಮ್ಮೆಯಿಂದ ತೋರಿಸಿದ. ಮಕ್ಕಳು ಮಾತಾಡಬೇಕು, ಕೋಲು ಹೋಗಬೇಕು ಎಂದಳು ಸಾವಂತ್ರವ್ವ.

“ನನಗ ಗದ್ದಲ ಬ್ಯಾಡ. ಹಿಂಗ ಸುಮ್ಮನಿದ್ರ ಸಾಕು” ಎಂದ ಅವನು.

ಅವಳು ಆ ಮನೆಯನ್ನು ಮುಚ್ಚಿದಳು. ಮಕ್ಕಳು ಮತ್ತೆ ಮೆಣಸಿನಕಾಯಿ ರಾಶಿಗೆ ಹೋದವು. ಆ ಊರಿನ ತಾಯಂದಿರು ಅವಳನ್ನು ಬೈದರು. ಅವಳಿಗೆ ಬಹಳ ದಿನ ಊಟ ರುಚಿಸಲಿಲ್ಲ. ಮರುವರ್ಷ ಅದೇ ಊರಲ್ಲಿ ಮತ್ತೊಬ್ಬ ವರ್ತಕ ತಗಡಿನ ಚಪ್ಪರ ಕೊಟ್ಟ. ಈ ಸಲ ಯಾರನ್ನೂ ಕಳಿಸದೆ ತಾನೇ ಹೋಗಿ, ಮಕ್ಕಳ ಗದ್ದಲ ಚಪ್ಪರದಾಚೆಗೆ ಕೇಳುವವರೆಗೆ ಅಲ್ಲಿಯೇ ಉಳಿದಳು.

ಅವಳ ತಲೆ ನೆರೆಯಿತು. ಮೊದಲು ಗೋದಾಮು ಕೊಟ್ಟ ವರ್ತಕ ತೀರಿಕೊಂಡ. ಆ ಜಾಗದಲ್ಲಿ ಮೆಣಸಿನಕಾಯಿ ತಂಪಾಗಿಡುವ ಶೈತ್ಯಾಗಾರ ಕಟ್ಟಬೇಕೆಂದು ಅವನ ಮಗ ಹೊರಟ. “ಇಲ್ಲಿ ಬೆಳದವರಿಗೆ ಏನು ಉಪಯೋಗ ಆತು? ಒಬ್ಬರನ್ನರ ಕರಕೊಂಡು ಬರ್ರಿ, ಕೇಳೋಣ” ಎಂದು ಸಭೆ ಕರೆದ.

ಸಾವಂತ್ರವ್ವ ಅಲ್ಲಿ ಬೆಳೆದವರನ್ನು ಹುಡುಕಿಕೊಂಡು ಹೊರಟಳು. ನರ್ಸ್ ಆಗಿದ್ದವಳಿಗೆ ನೆನಪಿರಲಿಲ್ಲ. ಲಾರಿ ಓಡಿಸುತ್ತಿದ್ದವನು ಚಹಾ ತರಿಸಿಕೊಟ್ಟು, “ನನ್ನ ಹೊಡದ ಮಾಸ್ತರ ಹೆಸರು ನೆನಪೈತಿ ಯವ್ವಾ. ನಿಮ್ಮನ್ನ ನೋಡಿದ್ದು ನೆನಪಿಲ್ಲ” ಎಂದ. ಅವಳು ಮುಂದೆ ಯಾರನ್ನೂ ಕೇಳಲಿಲ್ಲ. ಸಭೆಗೆ ತನ್ನ ಹಳೆಯ ಸಹಾಯಕಿಯೊಬ್ಬಳ ಜೊತೆ ಹೋಗಿ ಮೂಲೆಯಲ್ಲಿ ಕೂತಳು.

ಅಂಗಳದ ಹೆಂಗಸರು ಸಭೆಗೆ ತಾವಾಗಿಯೇ ಬಂದರು. ಅವರ ಮುಂದೆ ಇದ್ದವಳು ಫಕೀರವ್ವ. ಚಿಕ್ಕವಳಿದ್ದಾಗಲೇ ತಾಯಿಯ ಜೊತೆ ಬೇರೆ ಊರಿಗೆ ಹೋಗಿ, ತಾಯಿಯನ್ನು ಕಳೆದುಕೊಂಡು, ಮದುವೆಯಾಗಿ ಈ ಪೇಟೆಗೇ ಬಂದಿದ್ದಳು. ತೊಟ್ಟು ಬಿಡಿಸುವ ಹೆಂಗಸರ ಪರವಾಗಿ ಈಗ ಅವಳೇ ವರ್ತಕರ ಜೊತೆ ಮಾತಾಡುತ್ತಿದ್ದಳು. ಮಗನನ್ನು ಮಕ್ಕಳ ಮನೆಗೆ ಸೇರಿಸುವಾಗ ಅವಳು ತನ್ನ ತಾಯಿಯ ಹೆಸರು ಹೇಳಿದ್ದಳು. ಸಾವಂತ್ರವ್ವನಿಗೆ ಆಗಲೇ ಗುರುತು ಸಿಕ್ಕಿತ್ತು, ಆದರೆ ಹೇಳಿರಲಿಲ್ಲ. ತಾನೂ ಅಲ್ಲಿ ಬೆಳೆದವಳೆಂದು ಫಕೀರವ್ವನಿಗೆ ಗೊತ್ತಿರಲಿಲ್ಲ.

“ಹಿಂದಿನ ಮಾತು ಬ್ಯಾಡ್ರಿ ಸಾವ್ಕಾರ್ರ” ಎಂದಳು ಫಕೀರವ್ವ. “ನನ್ನ ಮಗ ಇವತ್ತ ಆ ಮನ್ಯಾಗ ಆಡಾಕತ್ತಾನ. ನಾಳೆ ಅವ ಎಲ್ಲಿ ಇರಬೇಕು ಹೇಳ್ರಿ. ಖಾರದ ರಾಶಿ ಮುಂದ ಕುಂಡರಸ್ರಿ ಅಂದ್ರ, ನಾವು ಯಾರೂ ಕೆಲಸಕ್ಕ ಬರಂಗಿಲ್ಲ.”

ಅವಳು ದನಿ ಏರಿಸದೆ ಬಹಳ ಹೊತ್ತು ಮಾತಾಡಿದಳು. ವರ್ತಕನ ಮಗ ನಡುವೆ ಬಾಯಿ ಹಾಕಲು ನೋಡಿದರೂ ಅವಳು ಮಾತು ಮುಂದುವರಿಸಿದಳು. ಸಹಾಯಕಿ ಸಾವಂತ್ರವ್ವನ ಸೆರಗು ಜಗ್ಗಿ, “ಅಕಿಗೆ ಮಾತು ಕಲಿಸಿದವರು ನೀವ ಅಂತ ಹೇಳ್ರಿ” ಎಂದು ಪಿಸುಗುಟ್ಟಿದಳು.

“ಸುಮ್ಕಿರ. ಅಕಿ ಮಾತಾಡ್ಲಿ” ಎಂದಳು ಸಾವಂತ್ರವ್ವ. ಅವಳ ಮುಖ ಅರಳಿತ್ತು.

ಶೈತ್ಯಾಗಾರವನ್ನು ಊರಾಚೆ ಕಟ್ಟುವುದೆಂದು ತೀರ್ಮಾನವಾಯಿತು. ಮಕ್ಕಳ ಮನೆ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಆಮೇಲಾದರೂ ಅವಳು ಹೇಳಬೇಕಿತ್ತು. ಅಷ್ಟು ಮಾಡಿದವರನ್ನು ಮರೆಯುವುದು ಸರಿಯೇ?”

“ನೀನು ಮೊದಲ ಮಾತು ಆಡಿದ ದಿನ ನಿನ್ನ ಎದುರಿಗೆ ಯಾರಿದ್ದರು?” ಎಂದರು ಗುರುಗಳು.