ಬರಿಗಾಲಿನ ಧೀರ

"ಗುರುಗಳೇ, ನಾನು ಒಳಗೆ ಪುಕ್ಕಲ. ಹೊರಗೆ ಎಲ್ಲರೂ ನನ್ನನ್ನು ಧೈರ್ಯವಂತ ಎನ್ನುತ್ತಾರೆ. ಅವರಿಗೆ ತಿಳಿಯುವ ಮೊದಲು ಈ ಭಯವನ್ನು ಕಳೆದುಕೊಳ್ಳುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಬಿಳಿಯರ ಕಾಲದಲ್ಲಿ, ದಂಡಿನ ಊರೊಂದರಲ್ಲಿ ಒಬ್ಬ ಫುಟ್‌ಬಾಲ್ ಆಟಗಾರನಿದ್ದ. ಆಗ ನಮ್ಮವರು ಆಡುತ್ತಿದ್ದುದು ಬರಿಗಾಲಿನಲ್ಲಿ. ಎದುರು ಆಡುವ ಸೋಲ್ಜರುಗಳ ಕಾಲಿಗೆ ಬೂಟು. ಅಂಥ ಬೂಟಿನೇಟಿಗೆ ಗೆಳೆಯನೊಬ್ಬ ಕಾಲು ಮುರಿದುಕೊಂಡು ಜನ್ಮವಿಡೀ ಕುಂಟನಾದದ್ದನ್ನು ಈ ಆಟಗಾರ ಪಕ್ಕದಲ್ಲೇ ನಿಂತು ಕಂಡಿದ್ದ.

ಅಂದಿನಿಂದ ಬೆನ್ನ ಹಿಂದೆ ಬೂಟಿನ ಸದ್ದು ಕೇಳಿದರೆ ಸಾಕು, ಅವನ ಎದೆ ಝಲ್ಲೆನ್ನುತ್ತಿತ್ತು. ಬದುಕಿದೆಯಾ ಬಡಜೀವವೇ ಎಂದು ಓಡುತ್ತಿದ್ದ. ಚೆಂಡೂ ಅವನ ಜೊತೆಗೇ ಓಡುತ್ತಿತ್ತು. ಯಾರಿಗೂ ಅವನನ್ನು ಮುಟ್ಟಲಾಗುತ್ತಿರಲಿಲ್ಲ. ಗೋಲಿನ ಮೇಲೆ ಗೋಲು. ಜನ ಹೆಗಲ ಮೇಲೆ ಹೊತ್ತು ಮೆರೆಸಿದರು, ಸಿಂಹ ಎಂದು ಕರೆದರು. ಹೊಗಳಿ ಅಟ್ಟಕ್ಕೇರಿಸುವುದರಲ್ಲಿ ನಮ್ಮ ಜನ ಎಂದೂ ಜಿಪುಣರಲ್ಲ. ಇಳಿಯಲು ಏಣಿ ಹಿಡಿಯುವವರು ಮಾತ್ರ ಸಿಗುವುದಿಲ್ಲ.

ಹೆಸರು ಬೆಳೆದಂತೆ ಅವನಿಗೆ ನಿದ್ದೆ ಕಡಿಮೆಯಾಯಿತು. ಎಲ್ಲಕ್ಕಿಂತ ದೊಡ್ಡ ಪಂದ್ಯದ ದಿನ ಬೆಳಿಗ್ಗೆ ಆ ಕುಂಟ ಗೆಳೆಯನ ಮನೆಗೆ ಹೋದ.

"ನಾನು ಓಡೋದು ಹೆದರಿಕೊಂಡು ಕಣೋ. ಜನಕ್ಕೆ ಗೊತ್ತಾದ್ರೆ ಏನು ಗತಿ?"

"ಗೊತ್ತಾದ್ರೆ ಆಗ್ಲಿ ಬಿಡು. ನಿನಗಿನ್ನೂ ಎರಡು ಕಾಲಿದೆಯಲ್ಲ," ಎಂದ ಗೆಳೆಯ.

ಆ ಮಾತು ಅವನ ತಲೆಗೆ ಹೋಗಲಿಲ್ಲ.

ಸಂಜೆ ಪಂದ್ಯದಲ್ಲಿ ಚೆಂಡು ಅವನ ಕಾಲಿಗೆ ಬಂತು. ಹಿಂದಿನಿಂದ ಬೂಟಿನ ಸದ್ದು ಹತ್ತಿರವಾಯಿತು. ಅವನ ಮೈಯೆಲ್ಲ ಓಡು ಎಂದಿತು. ಅಷ್ಟರಲ್ಲಿ ಗುಂಪಿನಿಂದ ಯಾರೋ, "ನೋಡ್ರೋ, ಈಗ ಹೆದರಿ ಓಡ್ತಾನೆ," ಎಂದು ಕೂಗಿದರು. ತಮಾಷೆಗೆ ಕೂಗಿದ್ದಿರಬೇಕು. ಅವನು ಓಡಲಿಲ್ಲ. ತಿರುಗಿ, ಬರುವ ಬೂಟಿಗೆ ಎದುರಾಗಿ ನಿಂತ. ಕಾಲಿನ ಮೂಳೆ ಎರಡಾಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮತ್ತೆಂದೂ ಅವನು ಮೈದಾನಕ್ಕೆ ಇಳಿಯಲಿಲ್ಲ. ಮುಂದಿನ ವರ್ಷ ಅದೇ ಜನ ಬೇರೊಬ್ಬನನ್ನು ಹೆಗಲ ಮೇಲೆ ಹೊತ್ತರು.

ಶಿಷ್ಯ, "ಕಾಲು ಹೋದರೂ, ಕೊನೆಗೊಮ್ಮೆ ಅವನು ಭಯವನ್ನು ಗೆದ್ದನಲ್ಲವೇ?" ಎಂದ.

"ಅಂದು ಅವನು ಜನರಿಗೆ ಹೆದರಿದ್ದ, ಮಗು. ಬೂಟಿಗೆ ಹೆದರಿದ್ದರೆ ಓಡಿ ಉಳಿಯುತ್ತಿದ್ದ."