ಅಣ್ಣ ಇದ್ದ ಆಟ

ಕಪಿಲೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿನ ಗುರುಗಳು ನಿಜಲಿಂಗ ಸ್ವಾಮಿಗಳು, ಎಲ್ಲರ ಬಾಯಲ್ಲಿ 'ಬುದ್ಧಿ'. ವಚನ ಕೇಳಲು ಬಂದವರಿಗೆ ವಚನ ಹೇಳುತ್ತಿದ್ದರು, ಕಂಪ್ಯೂಟರ್ ಕಲಿಯಲು ಬಂದವರಿಗೆ ಕಂಪ್ಯೂಟರ್ ಕಲಿಸುತ್ತಿದ್ದರು. ಎರಡನ್ನೂ ಒಂದೇ ದನಿಯಲ್ಲಿ.

ಆಶ್ರಮದ ಕಂಪ್ಯೂಟರುಗಳೆಲ್ಲ ಭಕ್ತರು ಬಳಸಿ ಕೊಟ್ಟವು. ಎಲ್ಲದರಲ್ಲೂ ವಿಂಡೋಸ್ ಬದಲು ಲಿನಕ್ಸ್ ಎಂಬ ತಂತ್ರಾಂಶ ಇತ್ತು. ಒಳಗೇನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಸ್ವಾಮಿಗಳು ಅದನ್ನು ಆರಿಸಿಕೊಂಡದ್ದೇ ಅದಕ್ಕೆ.

ಆ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವಳು ದಾಕ್ಷಾಯಿಣಿ. ಆಶ್ರಮದ ಶಾಲೆಯ ಮಕ್ಕಳಿಗೆ ಪಾಠ ಹೇಳುತ್ತ, ತಾನೂ ಸ್ವಾಮಿಗಳಲ್ಲಿ ಕಲಿಯುತ್ತ ಅಲ್ಲೇ ಉಳಿದಿದ್ದಳು. ವಿಂಡೋಸ್‌ಗೆಂದು ಮಾಡಿದ ಆಟವನ್ನು ಲಿನಕ್ಸ್‌ನಲ್ಲಿ ಓಡಿಸುವುದೆಂದರೆ ಅವಳಿಗೆ ಎಲ್ಲಿಲ್ಲದ ಹುರುಪು. ಆಟ ಒಂದು ಭಾಷೆಯಲ್ಲಿ ಕೇಳುತ್ತದೆ, ಯಂತ್ರಕ್ಕೆ ತಿಳಿಯುವುದು ಇನ್ನೊಂದು ಭಾಷೆ. ನಡುವೆ ಕೂತು ಅನುವಾದ ಮಾಡುವ ತಂತ್ರಾಂಶಗಳಿವೆ. ಅವನ್ನು ಹೊಂದಿಸಿ, ಆಟ ತೆರೆದುಕೊಂಡು, ಸಂಗೀತ ಕೇಳಿಸಿದಾಗ ಅವಳ ಮುಖ ಅರಳುತ್ತಿತ್ತು.

"ನೋಡ್ರೋ, ಇದರಲ್ಲಿ ಆಗದೆ ಇರೋದು ಅಂತ ಯಾವುದೂ ಇಲ್ಲ," ಎಂದು ಮಕ್ಕಳಿಗೆ ಹೇಳುತ್ತಿದ್ದಳು.

ಭಾನುವಾರ ಮಧ್ಯಾಹ್ನ ಅವಳಿಗೆ ಬಿಡುವು. ಆಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೇ ಒಂದು ಆಟಕ್ಕೆ ಕೂರುತ್ತಿದ್ದಳು. ಎರಡು ಪಂಗಡ ಕಟ್ಟಿಕೊಂಡು ಕೋಟೆಗಾಗಿ ಹೊಡೆದಾಡುವ ಆಟ. ಊರೂರಿಂದ ಜನ ಇಂಟರ್ನೆಟ್ ಮೂಲಕ ಅದರೊಳಗೆ ಸೇರಿ, ಒಬ್ಬರೊಡನೊಬ್ಬರು ಮಾತಾಡುತ್ತ ಆಡುತ್ತಿದ್ದರು. ಅವಳ ಪಂಗಡದಲ್ಲಿ ಅವಳ ಅಣ್ಣ ಶಿವನಂಜ ಇದ್ದ.

ಶಿವನಂಜನಿಗೆ ಗುಂಡ್ಲುಪೇಟೆಯಲ್ಲಿ ಟೈರ್ ಅಂಗಡಿ. ದಾಕ್ಷಾಯಿಣಿಗೆ ಗಂಡು ಗೊತ್ತುಮಾಡಿದ್ದವನೂ ಅವನೇ. ಮಾತುಕತೆ ಮುಗಿದು ದಿನ ಗೊತ್ತಾದ ಮೇಲೆ ಅವಳು ಸೋದರತ್ತೆಯ ಮನೆಗೆಂದು ಹೊರಟು ಆಶ್ರಮ ಸೇರಿದಳು. ಮದುವೆ ಬೇಡ ಎಂದಷ್ಟೇ ಅತ್ತೆಯ ಬಾಯಲ್ಲಿ ಹೇಳಿಕಳಿಸಿದಳು. ಅಂದಿನಿಂದ ಅಣ್ಣ ಮಾತು ಬಿಟ್ಟ. ಇವಳೂ ಫೋನ್ ಮಾಡಲಿಲ್ಲ.

ಆದರೆ ಅವಳು ಕಾಲೇಜಿನಲ್ಲಿದ್ದಾಗ ಅಣ್ಣ ತಂಗಿ ಸೇರಿ ಕಟ್ಟಿದ ಆ ಪಂಗಡ ಹಾಗೆಯೇ ಉಳಿದಿತ್ತು. ಒಂದು ಭಾನುವಾರ ಅವನು ಅಲ್ಲಿ ಕಾಣಿಸಿಕೊಂಡ. ಇವಳು ಹೊರಗೆ ಹೋಗಲಿಲ್ಲ. ಅವನೂ ಹೋಗಲಿಲ್ಲ.

"ಬಾಗಿಲ ಹತ್ರ ಇಬ್ಬರವ್ರೆ," ಎಂದ ಅವನು.

"ನೋಡ್ದೆ," ಎಂದಳು ಇವಳು.

ಅಷ್ಟೇ ಮಾತು. ಪ್ರತಿ ಭಾನುವಾರ ಅಂಥವೇ ಮಾತು. ಹಿಂದೆ ನೋಡ್ಕೊ. ಎಡಕ್ಕೆ ಬಾ. ನಾನಿದ್ದೀನಿ, ಹೋಗು. ದಾಕ್ಷಾಯಿಣಿ ವಾರವೆಲ್ಲ ಅದನ್ನೇ ಮೆಲುಕು ಹಾಕುತ್ತಿದ್ದಳು.

ಒಂದು ಭಾನುವಾರ ಆಟ ತೆರೆಯಿತು, ಚಿತ್ರ ಬಂತು, ಹಾಗೇ ಮುಚ್ಚಿಕೊಂಡಿತು. ಮತ್ತೆ ತೆರೆದಳು. ಮತ್ತೆ ಮುಚ್ಚಿಕೊಂಡಿತು.

ಅವಳು ನದಿಯ ಮೆಟ್ಟಿಲ ಬಳಿ ಹೋದಳು. ಸ್ವಾಮಿಗಳು ಕಾವಿ ಬಟ್ಟೆ ಹಿಂಡುತ್ತಿದ್ದರು.

"ಬುದ್ಧಿ, ಆಟ ಓಡ್ತಿಲ್ಲ."

"ಓಡಕ್ಕೆ ಆಗ್ತಿಲ್ವೋ, ಓಡಬಾರದು ಅಂತಿದ್ದಾರೋ?"

ಅವಳಿಗೆ ತಿಳಿಯಲಿಲ್ಲ. ಹಿಂದಿರುಗಿ ಹೋಗಿ, ಏನು ನಡೆಯಿತೆಂದು ಯಂತ್ರ ಬರೆದಿಟ್ಟ ಸಾಲುಗಳನ್ನು ಒಂದೊಂದಾಗಿ ಓದಿದಳು. ಆಟದ ಕಂಪನಿ ಕಳ್ಳಾಟ ಆಡುವವರನ್ನು ಹಿಡಿಯಲು ಹೊಸ ಕಾವಲು ತಂತ್ರಾಂಶ ಹಾಕಿತ್ತು. ಆಟವೇನೋ ಸರಿಯಾಗಿಯೇ ಓಡುತ್ತಿತ್ತು. ಲಿನಕ್ಸ್ ಎಂದು ಗೊತ್ತಾದೊಡನೆ ಆ ಕಾವಲು ಆಡುವವರನ್ನು ಹೊರಗೆ ಹಾಕುತ್ತಿತ್ತು.

ಬಂದು ಹೇಳಿದಳು. "ಓಡಬಾರದು ಅಂತಿದ್ದಾರೆ ಬುದ್ಧಿ."

"ಹಾಗಾದ್ರೆ ನೀನು ರಿಪೇರಿ ಮಾಡೋದು ಏನೂ ಇಲ್ಲ."

ಅವಳಿಗೆ ಸಿಟ್ಟು ಬಂತು. "ಎಲ್ಲಾ ಬಿಚ್ಚಿ ನೋಡಬಹುದು, ತಿದ್ದಬಹುದು ಅಂತ ಹೇಳಿಕೊಟ್ಟವರು ನೀವೇ ಅಲ್ವಾ?"

"ನಮ್ಮದನ್ನ ಬಿಚ್ಚಬಹುದು. ಅವರ ಬಾಗಿಲು ಅವರದು." ಸ್ವಾಮಿಗಳು ಬಟ್ಟೆ ಕೊಡವಿದರು. "ಬೇರೆ ಆಟ ಎಷ್ಟು ಓಡುತ್ತೆ ಇದರಲ್ಲಿ?"

"ಸಾವಿರ ಸಾವಿರ ಓಡುತ್ತೆ. ಮುಂಚೆ ಬೆರಳೆಣಿಕೆ ಇತ್ತು, ಈಗ ಹೊಸದಾಗಿ ಬರೋದೂ ಮುಕ್ಕಾಲು ಪಾಲು ಓಡುತ್ತೆ. ಕೆಲವಂತೂ ವಿಂಡೋಸ್‌ಗಿಂತ ಚೆನ್ನಾಗಿ ಓಡುತ್ತೆ."

"ಮತ್ತೆ?"

"ಅಣ್ಣಯ್ಯ ಇರೋದು ಓಡದೆ ಇರೋ ಆಟದಲ್ಲಿ ಬುದ್ಧಿ."

ಸ್ವಾಮಿಗಳು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. "ಹಾಗಾದ್ರೆ ಇದು ಯಂತ್ರದ ಮಾತಲ್ಲ ಕಣವ್ವ."

"ನಾನು ಆಡೋ ಯಂತ್ರಕ್ಕೆ ವಿಂಡೋಸ್ ಹಾಕ್ಕೊಳ್ಳಲಾ?"

"ಹಾಕ್ಕೊ."

"ನೀವು ಬೈಯಲ್ವಾ?"

"ಅಣ್ಣನ ಜೊತೆ ಮಾತಾಡೋಕೆ ಹೋಗೋಳನ್ನ ನಾನ್ಯಾಕೆ ಬೈಲಿ?"

ಆದರೂ ದಾಕ್ಷಾಯಿಣಿ ವಿಂಡೋಸ್ ಹಾಕಲಿಲ್ಲ. ಇದರಲ್ಲಿ ಆಗದೆ ಇರುವುದಿಲ್ಲ ಎಂದು ಮಕ್ಕಳ ಮುಂದೆ ಆಡಿದ ಮಾತು ಅಡ್ಡ ಬಂತು. ಸೋತೆ ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ. ತನಗೆ ತಾನೇ ಹೇಳಿಕೊಳ್ಳಬೇಕಿತ್ತು, ಅದೇ ಆಗಲಿಲ್ಲ.

ಅವಳು ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಯಾರೋ ಒಂದು ಉಪಾಯ ಬರೆದಿದ್ದರು. ಕಾವಲು ತಂತ್ರಾಂಶ ನೀನು ಯಾರು ಎಂದು ಕೇಳಿದಾಗಲೆಲ್ಲ ಯಂತ್ರ ವಿಂಡೋಸ್ ಎಂದು ಹೇಳುವಂತೆ ಮಾಡುವ ಉಪಾಯ. ಕೂತು ಅದನ್ನು ಹೊಂದಿಸಿದಳು.

ಭಾನುವಾರ ಬಾಗಿಲು ತೆರೆಯಿತು. ಅಣ್ಣ ಒಳಗಿದ್ದ.

"ಇಷ್ಟು ದಿನ ಎಲ್ಲಿ ಹೋಗಿದ್ದೆ?" ಎಂದ.

ಕೋಟೆಯದಲ್ಲದ, ಬಾಗಿಲಿನದಲ್ಲದ ಮಾತು! "ಇಲ್ಲೇ ಇದ್ದೆ," ಎಂದಳು. ಅಂದು ಅವರ ಪಂಗಡ ಗೆದ್ದಿತು. ಮುಂದಿನ ವಾರ ಮೈಸೂರಿನಲ್ಲಿ ಇದೇ ಆಟದ ದೊಡ್ಡ ಪಂದ್ಯವಿದೆ, ನಾನೂ ಪಂಗಡದಲ್ಲಿರುವ ನನ್ನ ಅಂಗಡಿಯ ಹುಡುಗರೂ ಆಡುತ್ತಿದ್ದೇವೆ ಎಂದು ಅವನಾಗಿಯೇ ಹೇಳಿದ.

ಸಂಜೆ ಸ್ವಾಮಿಗಳು ಕೇಳಿದರು, "ಓಡ್ತಾ?"

"ಓಡ್ತು ಬುದ್ಧಿ."

"ಅವರು ಬಾಗಿಲು ತೆಗೆದರಾ?"

"ಒಳಗೆ ಹೋದೆ," ಎಂದಳು ದಾಕ್ಷಾಯಿಣಿ.



ಪಂದ್ಯದ ಹಿಂದಿನ ದಿನ ಕಂಪನಿ ಆ ಉಪಾಯವನ್ನು ಪತ್ತೆಹಚ್ಚಿ ಅವಳ ಖಾತೆ ಮುಚ್ಚಿತು. ಕಾವಲಿಗೆ ಸುಳ್ಳು ಹೇಳಿದವರ ಜೊತೆ ಆಡಿದ್ದಾರೆಂದು ಪಂಗಡದ ಎಲ್ಲರ ಖಾತೆಯನ್ನೂ ತಡೆಹಿಡಿಯಿತು. ಶಿವನಂಜ ಮೈಸೂರಿಗೆ ಹೋಗಿ, ಸಭಾಂಗಣದಲ್ಲಿ ಕೂತು, ಬೇರೆಯವರು ಆಡುವುದನ್ನು ನೋಡಿಕೊಂಡು ಬಂದ.

ದಾಕ್ಷಾಯಿಣಿಯ ಫೋನಿಗೆ ಅವನಿಂದ ಒಂದು ಸಂದೇಶ ಬಂತು. ಅವಳು ಆಶ್ರಮಕ್ಕೆ ಬಂದ ಮೇಲೆ ಮೊದಲನೆಯದು. "ಮೋಸ ಮಾಡಿದ್ಯಾ?"

ಅವಳು ಅಡುಗೆಮನೆಗೆ ಓಡಿದಳು. ಸ್ವಾಮಿಗಳು ದಂಟಿನ ಸೊಪ್ಪು ಸೋಸುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದಳು.

"ಆಟದಲ್ಲಿ ನಾನು ಮೋಸ ಮಾಡಿಲ್ಲ ಬುದ್ಧಿ. ಒಂದು ಗುಂಡೂ ಕಳ್ಳತನದಲ್ಲಿ ಹೊಡೆದಿಲ್ಲ. ಲಿನಕ್ಸ್ ಅನ್ನೋದನ್ನ ಮುಚ್ಚಿಟ್ಟೆ, ಅಷ್ಟೇ."

"ಅಷ್ಟೇನಾ?"

"ಅಷ್ಟೇ."

"ಹಾಗಾದ್ರೆ ಅಷ್ಟನ್ನೇ ಹೇಳು."

"ಯಾರಿಗೆ?"

"ಯಾರು ಕೇಳಿದ್ರೋ ಅವರಿಗೆ."

ಅವಳು ಫೋನ್ ತೆಗೆದು ಬೆರಳಲ್ಲಿ ಬರೆಯತೊಡಗಿದಳು. ಬರೆದಳು, ಅಳಿಸಿದಳು, ಮತ್ತೆ ಬರೆದಳು. ಸ್ವಾಮಿಗಳು ಕೈ ಒರೆಸಿಕೊಂಡು ತಮ್ಮ ಫೋನನ್ನು ಅವಳ ಮುಂದೆ ಹಿಡಿದರು.

"ತಗೋ, ಮಾತಾಡು."

"ನನ್ನ ಹತ್ರಾನೇ ಫೋನ್ ಇದೆಯಲ್ಲ ಬುದ್ಧಿ."

"ಓ, ಅದರಲ್ಲಿ ಮಾತಾಡಬಹುದಾ?"

ದಾಕ್ಷಾಯಿಣಿ ಹಿತ್ತಲ ಕಡೆ ನಡೆದಳು. ಅಣ್ಣ ಕರೆ ಎತ್ತಿದ.

"ಅಣ್ಣಯ್ಯ, ನಾನು. ತಪ್ಪು ನನ್ನದೇ."

ಕಾವಲು ಏನು, ಉಪಾಯ ಏನು ಎಂದು ಒಂದೂ ಬಿಡದೆ ಹೇಳಿದಳು. ಅವನಿಗೆ ಅರ್ಧ ಅರ್ಥವಾಗಲಿಲ್ಲ.

"ಲಿನಕ್ಸಾ? ಆಡೋಕೆ ಬಿಡಲ್ಲ ಅಂತ ಗೊತ್ತಿದ್ರೂ ಅದನ್ನೇ ಯಾಕೆ ಇಟ್ಕೊಂಡಿದ್ದೆ?"

"ಆಶ್ರಮದಲ್ಲಿರೋದು ಅದೇ. ನನಗೆ ಇಷ್ಟ ಆಗಿರೋದೂ ಅದೇ."

"ಬಾಯಿ ಬಿಟ್ಟು ಹೇಳೋದಲ್ವಾ? ಬೇರೆ ಯಾವುದಾದ್ರೂ ಆಟಕ್ಕೆ ನಾನೇ ಬರ್ತಿದ್ದೆ."

ಅವನು ಕರೆ ಕತ್ತರಿಸಿದ.

ಅವಳು ಬಂದು ಸೊಪ್ಪಿನ ಮುಂದೆ ಕೂತಳು. ದಂಟು ಮುರಿಯುತ್ತ ಕೇಳಿದಳು, "ಬುದ್ಧಿ, ಕಂಪನಿಗೂ ಬರೆಯಲಾ? ಓದಲ್ಲ ಅವರು. ಲಿನಕ್ಸ್‌ನಲ್ಲಿ ಆಡೋರು ಎಲ್ಲಿದ್ದಾರೆ ಅಂತಾರೆ. ನೂರಕ್ಕೆ ನಾಲ್ಕೋ ಐದೋ ಜನ ಅಂತಾರೆ."

"ನಿನ್ನ ಯಂತ್ರ ಏನಂತ ಹೇಳಿತ್ತು ಅವರಿಗೆ?"

"ವಿಂಡೋಸ್ ಅಂತ."

"ಅವರು ನಿನ್ನ ಯಾವ ಕಡೆ ಎಣಿಸಿರ್ತಾರೆ?"

ದಾಕ್ಷಾಯಿಣಿಯ ಕೈಯಲ್ಲಿದ್ದ ದಂಟು ಹಾಗೇ ನಿಂತಿತು.

ಅಂದೇ ಕಂಪನಿಗೆ ಬರೆದಳು. ಲಿನಕ್ಸ್‌ನಲ್ಲಿ ಆಡುವವಳು ನಾನು, ಮುಚ್ಚಿಟ್ಟದ್ದು ನಾನೊಬ್ಬಳೇ, ಪಂಗಡದವರಿಗೆ ಗೊತ್ತಿರಲಿಲ್ಲ, ನಮ್ಮಂಥವರನ್ನು ಒಳಗೆ ಬಿಡುವ ದಾರಿ ಹುಡುಕಿ ಎಂದು. ಉತ್ತರ ತಡವಾಗಿ ಬಂತು. ಉಳಿದವರ ಖಾತೆ ಬಿಟ್ಟಿದ್ದೇವೆ, ನಿಮ್ಮದು ತೆರೆಯುವುದಿಲ್ಲ. ಲಿನಕ್ಸ್ ಬಗ್ಗೆ ಸದ್ಯಕ್ಕೆ ಯೋಚನೆಯಿಲ್ಲ.

ಪಾಠದ ಹೊತ್ತಿನಲ್ಲಿ ಮಕ್ಕಳಿಗೂ ಹೇಳಿದಳು, "ಇದರಲ್ಲಿ ಆಗದೆ ಇರೋದೂ ಇದೆ ಕಣ್ರೋ." ಮಕ್ಕಳು ಅದೇನು ಎಂದು ಕೇಳಿ, ಆಮೇಲೆ ಆಗುವ ಆಟಕ್ಕೆ ಕೂತರು. ಅವರಿಗೆ ಅದು ದೊಡ್ಡ ಸುದ್ದಿಯಾಗಿರಲಿಲ್ಲ.

ಭಾನುವಾರಗಳು ಬಂದವು, ಹೋದವು. ಅವಳು ಹೆಡ್‌ಫೋನ್ ಮುಟ್ಟಲಿಲ್ಲ. ಅಣ್ಣನಿಗೆ ಎರಡು ಸಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

ಮತ್ತೊಂದು ಭಾನುವಾರ ಆಶ್ರಮದ ಅಂಗಳದಲ್ಲಿ ಬೈಕ್ ನಿಂತ ಸದ್ದಾಯಿತು. ಶಿವನಂಜ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಸ್ವಾಮಿಗಳ ಕಾಲಿಗೆ ಬಿದ್ದ. ತಂಗಿಯ ಮುಖ ನೋಡದೆ, "ಎಲ್ಲಿ, ಅದೇನೋ ಸಾವಿರ ಆಟ ಓಡುತ್ತಂತಲ್ಲ, ಒಂದು ತೋರಿಸು," ಎಂದ.

ಸಾವಿರದ ಮಾತನ್ನು ಅವನಿಗೆ ಯಾರು ಹೇಳಿದರೋ ದಾಕ್ಷಾಯಿಣಿಗೆ ತಿಳಿಯಲಿಲ್ಲ. ಸ್ವಾಮಿಗಳ ಕಡೆ ನೋಡಿದಳು. ಅವರು ಆಗಲೇ ತೋಟದ ಕಡೆ ಹೊರಟಿದ್ದರು.

ಒಂದೇ ಪರದೆಯ ಮುಂದೆ ಇಬ್ಬರು ಕೂತು ಆಡುವ ಆಟವೊಂದನ್ನು ಅವಳು ತೆರೆದಳು. ಎರಡು ಬಂಡಿ, ಒಂದು ಗುಡ್ಡದ ದಾರಿ. ಯಾರೋ ದೂರದೇಶದ ಹವ್ಯಾಸಿಗಳು ಸೇರಿ ಮಾಡಿ, ಸುಮ್ಮನೆ ಹಂಚಿದ್ದು.

"ಚಿಕ್ಕ ಮಕ್ಕಳದಲ್ವಾ ಇದು?" ಎಂದ ಶಿವನಂಜ. ಕೂತ. ಮೊದಲ ತಿರುವಿನಲ್ಲೇ ಅವನ ಬಂಡಿ ಹಳ್ಳಕ್ಕೆ ಬಿತ್ತು.

"ಬ್ರೇಕ್ ಹಿಡೀಬೇಕು ಅಣ್ಣಯ್ಯ."

"ಹೇಳೋದಲ್ವಾ ಮುಂಚೆ?"

"ಈಗ ಹೇಳಿದ್ನಲ್ಲ."

"ಬಿದ್ದ ಮೇಲೆ ಹೇಳ್ತೀಯ. ಯಾವಾಗಲೂ ಬಿದ್ದ ಮೇಲೇ ಹೇಳ್ತೀಯ ನೀನು!"

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಪರದೆಯ ಮೇಲೆ ಎರಡು ಬಂಡಿಗಳೂ ನಿಂತವು.

"ಗಂಡಿನ ಮನೆ ಜಗಲಿ ಮೇಲೆ ನಿಂತ್ಕೊಂಡು ಏನ್ ಹೇಳಬೇಕಿತ್ತು ಕೂಸು ನಾನು?" ಎಂದ ಶಿವನಂಜ. "ಹುಡುಗಿ ಎಲ್ಲಿ ಅಂದ್ರು. ಗೊತ್ತಿಲ್ಲ ಅಂದೆ. ಸ್ವಂತ ತಂಗಿ ಎಲ್ಲಿದ್ದಾಳೆ ಅಂತ ಗೊತ್ತಿಲ್ಲ ಅಂದೆ."

"ಬೇಡ ಅಂದಿದ್ರೆ ನೀನು ಕೇಳ್ತಿದ್ಯಾ?"

"ಕೇಳ್ತಿದ್ದೆ!"

"ಇಲ್ಲ ಅಣ್ಣಯ್ಯ. ನೀನು ಛತ್ರ ಗೊತ್ತು ಮಾಡಿದ್ದೆ, ಎಲ್ಲರ ಮುಂದೆ ನಗ್ತಿದ್ದೆ. ನಿನ್ನ ಮುಖ ನೋಡ್ಕೊಂಡು ಹೇಳೋಕೆ ನಂಗೆ ಆಗ್ಲಿಲ್ಲ."

"ನನ್ನ ಮುಖ ಅಷ್ಟೊಂದು ಕೆಟ್ಟದಾಗಿತ್ತಾ?"

"ಅಷ್ಟು ಖುಷಿಯಾಗಿತ್ತು," ಎಂದು ಅವಳು ಕೂಗಿದಳು.

ಇಬ್ಬರ ದನಿಯೂ ಏರಿತು. ಅವನು ಮೇಜು ಗುದ್ದಿದ. ಅವಳು ಅಳುತ್ತಲೇ ಮಾತಿಗೆ ಮಾತು ಕೊಟ್ಟಳು. ಆಶ್ರಮದಲ್ಲಿ ಯಾರೂ ಹಾಗೆ ಕೂಗಾಡಿದ್ದಿಲ್ಲ. ಹೊರಗೆ ಜನ ಸೇರಿದರು. ಯಾರೋ ಹೋಗಿ ಸ್ವಾಮಿಗಳನ್ನು ಕರೆತಂದರು.

ಸ್ವಾಮಿಗಳು ಬಾಗಿಲಲ್ಲಿ ಕಂಡೊಡನೆ ಅಣ್ಣ ತಂಗಿ ಇಬ್ಬರೂ ಎದ್ದು ನಿಂತರು.

"ತಪ್ಪಾಯ್ತು ಬುದ್ಧಿ," ಎಂದಳು ದಾಕ್ಷಾಯಿಣಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ. "ಆಟ ಆಡೋಣ ಅಂತ ಕೂತ್ವಿ. ಹಿಂಗಾಯ್ತು."

ಸ್ವಾಮಿಗಳು ಒಳಗೆ ಬಂದರು. ಪರದೆಯ ಕಡೆ ಒಮ್ಮೆ ನೋಡಿ, ಕೈ ಚಾಚಿ ಅದರ ಗುಂಡಿ ಒತ್ತಿ ಆರಿಸಿದರು. ಹೊರಗೆ ನಿಂತಿದ್ದವರಿಗೆ ಹೋಗಿ ಎಂದು ಕೈಸನ್ನೆ ಮಾಡಿದರು. ಆಮೇಲೆ ಬಾಗಿಲು ಎಳೆದುಕೊಳ್ಳುತ್ತ ಹೇಳಿದರು:

"ಆಟ ಕಾಯುತ್ತೆ. ಕೂತ್ಕೊಂಡು ಜಗಳ ಪೂರ್ತಿ ಮುಗಿಸಿ."